ಹೊರಡದ ಬಸ್ಸಿನ ಪ್ರಕಟಣೆ

ಟಕ್, ಟಕ್. ಉಗುರಿನಿಂದ ಮೈಕಿನ ತಲೆಗೆ ಎರಡು ಪೆಟ್ಟು. ಬಸ್ ಸ್ಟ್ಯಾಂಡಿನ ಅಷ್ಟೂ ಸ್ಪೀಕರುಗಳಲ್ಲಿ ಆ ಸದ್ದು ಯಾರೋ ಬಾಗಿಲು ತಟ್ಟಿದ ಹಾಗೆ ಕೇಳುತ್ತಿತ್ತು. ಬೆಂಚಿನ ಮೇಲೆ ತೂಕಡಿಸುತ್ತಿದ್ದವರು ತಲೆ ಎತ್ತುತ್ತಿದ್ದರು. ಚಹಾದಂಗಡಿಯವನು ಒಲೆಯ ಉರಿ ಸಣ್ಣ ಮಾಡಿ ಗಿರಾಕಿಗಳ ಕಡೆ ಕಣ್ಣು ಮಿಟುಕಿಸುತ್ತಿದ್ದ.

“ಪ್ರಯಾಣಿಕರ ಗಮನಕ್ಕೆ. ಮೇಲಿನ ಬಡಾವಣೆಗೆ ಈಗ ಹೊರಡಬೇಕಾಗಿದ್ದ ಬಸ್ಸು ಇಂದು ಹೊರಡುವುದಿಲ್ಲ. ಪ್ರಯಾಣಿಕರು ದಯವಿಟ್ಟು ನಡೆದು ಹೋಗಬೇಕು. ನಡಿಗೆ ಆರೋಗ್ಯಕ್ಕೆ ಒಳ್ಳೆಯದು ಎಂದು ವಾರ್ಡಿನ ಮಾನ್ಯ ಸದಸ್ಯರು ತಿಳಿಸಿದ್ದಾರೆ.”

“ಆಯ್ತಪ್ಪಾ, ಸದಸ್ಯರಿಗೆ ಬೆಳಗಿನ ಮಂಗಳಾರತಿ!” ಎಂದು ಚಹಾದಂಗಡಿಯವನು ಲೋಟ ಕುಕ್ಕುತ್ತಿದ್ದ. ಅಲ್ಲಿದ್ದವರೆಲ್ಲ ನಗುತ್ತಿದ್ದರು. ಗಾಜಿನ ಗೂಡಿನಲ್ಲಿ ಕೂತವಳು ಮಾತ್ರ ನಗುತ್ತಿರಲಿಲ್ಲ. ಮೈಕಿನ ಗುಂಡಿ ಆರಿಸಿ, ಸೀರೆಯ ಸೆರಗಿನಿಂದ ಅದರ ಜಾಲರಿಯನ್ನು ಒರೆಸಿ, ಮುಂದಿನ ಬಸ್ಸಿನ ಚೀಟಿಗೆ ಕೈ ಹಾಕುತ್ತಿದ್ದಳು.

ಅವಳನ್ನು ಊರೆಲ್ಲ ಮೈಕಮ್ಮ ಎನ್ನುತ್ತಿತ್ತು. ಮುಖ ಕಂಡವರು ಕಡಿಮೆ, ದನಿ ಕೇಳದವರು ಇಲ್ಲ. ಅಂಗಡಿಗೆ ಹೋಗಿ ಸೋಪು ಕೇಳಿದರೂ ಸಾಕು, ಪಕ್ಕದಲ್ಲಿ ನಿಂತವರು ತಮ್ಮ ಬಸ್ಸು ಬಂತೇನೋ ಎಂದು ಚೀಲ ಎತ್ತಿಕೊಳ್ಳುತ್ತಿದ್ದರು. ಗಂಡನಿಲ್ಲ, ಮಕ್ಕಳಿಲ್ಲ. ಇದ್ದವಳು ಅಕ್ಕ ಒಬ್ಬಳೇ. ತಾಯಿ ಹೋದ ಮೇಲೆ ಇವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೆಳೆಸಿದವಳು; ಹೊಲಿಗೆ ಯಂತ್ರ ತುಳಿದು ತುಳಿದು ಇಬ್ಬರ ಹೊಟ್ಟೆ ಹೊರೆದವಳು.

ಈ ದನಿಯೂ ಅಕ್ಕ ಕೊಟ್ಟದ್ದೇ. ಅಕ್ಕ ಅಂಗಡಿಗಳಿಗೆ ಪರದೆ ಹೊಲಿಯುತ್ತಿದ್ದಳು. ತಂಗಿ ಕಾಲ ಬುಡದಲ್ಲಿ ಕೂತು ಪೊಟ್ಟಣ ಕಟ್ಟಿಬಂದ ಹಳೇ ಪೇಪರು ಬಿಡಿಸಿ ಜೋರಾಗಿ ಓದಬೇಕು. “ಯಂತ್ರದ ಸದ್ದು ದಾಟಿ ನನಗೆ ಕೇಳಬೇಕು. ಕಿರುಚಬಾರದು, ಕೇಳಬೇಕು,” ಎನ್ನುತ್ತಿದ್ದಳು ಅಕ್ಕ. ಕಿರುಚದೆ ಕೇಳಿಸುವುದು ಹೇಗೆ ಎಂದು ಆ ಹುಡುಗಿ ಆಗಲೇ ಕಲಿತಳು. ಮುಂದೆ ಅದೇ ಅನ್ನವಾಯಿತು.

ಅವರಿಬ್ಬರ ಮನೆ ಇದ್ದದ್ದು ಗುಡ್ಡದ ಮೇಲಿನ ಬಡಾವಣೆಯಲ್ಲಿ. ಸ್ಟ್ಯಾಂಡಿನ ಕೊನೆಯ ಪ್ಲಾಟ್‌ಫಾರಮ್ಮಿನಿಂದ ಒಂದು ಮುದಿ ಬಸ್ಸು ಏದುಸಿರು ಬಿಡುತ್ತ ಹತ್ತಿ, ತುದಿಯ ಸಣ್ಣ ಬಯಲಿನಲ್ಲಿ ಹಿಂದೆ ಮುಂದೆ ಸರಿದು ತಿರುಗಿಕೊಂಡು ಇಳಿಯುತ್ತಿತ್ತು. ಅಕ್ಕ ಮಧ್ಯಾಹ್ನ ಪರದೆಯ ಗಂಟು ಹೊತ್ತು ಅದರಲ್ಲಿ ಬರುತ್ತಿದ್ದಳು. ಗಂಟು ಅಂಗಡಿಗೆ, ಊಟದ ಡಬ್ಬಿ ತಂಗಿಗೆ. ಆಮೇಲೆ ಗಾಜಿನ ಗೂಡಿನ ಮೂಲೆಯ ಸ್ಟೂಲಿನ ಮೇಲೆ ಕೂತು, ಪ್ರಕಟಣೆ ಕೇಳುತ್ತ, ಊರಿನ ಜನ ಹತ್ತುವುದು ಇಳಿಯುವುದು ನೋಡುತ್ತ ಹೊತ್ತು ಕಳೆಯುತ್ತಿದ್ದಳು. “ಸಿನಿಮಾ ಯಾಕೆ ಬೇಕೇ? ಇಲ್ಲಿ ದಿನಾ ಹೊಸ ಆಟ,” ಎನ್ನುತ್ತಿದ್ದಳು.

ಒಂದು ಮಳೆಗಾಲ ಆ ತುದಿಯ ಬಯಲಿನ ತಡೆಗೋಡೆ ಕುಸಿಯಿತು. ಬಸ್ಸು ತಿರುಗುವ ಜಾಗದ ಅರ್ಧ ಭಾಗ ಕೆಳಗಿನ ಕಮರಿಗೆ ಹೋಯಿತು. ತಿರುಗಲು ಜಾಗವಿಲ್ಲದ ಕಡೆ ಬಸ್ಸು ಹತ್ತುವುದು ಹೇಗೆ? ನಿಂತಿತು. ಗೋಡೆ ಕಟ್ಟಿಸುವವರೆಗೆ ತಾತ್ಕಾಲಿಕ ಎಂದರು.

ಗೋಡೆ ಕಟ್ಟಬೇಕಾದದ್ದು ಪುರಸಭೆ. ಪುರಸಭೆಗೆ ರಸ್ತೆ, ಬಸ್ಸು, ಕಾಲುದಾರಿಗಳಿಗೆಂದು ವರ್ಷಕ್ಕೊಂದು ನಿಧಿ. ಮೇಲಿನಿಂದ ಬಂದ ಅನುದಾನ, ಸ್ಟ್ಯಾಂಡಿನ ಮಳಿಗೆಗಳ ಬಾಡಿಗೆ, ಗಾಡಿ ನಿಲ್ಲಿಸುವ ಶುಲ್ಕ, ಎಲ್ಲ ಒಂದೇ ಹುಂಡಿಗೆ. ಹುಂಡಿ ಚಿಕ್ಕದು, ಕೈಗಳು ಬಹಳ. ಆದ್ದರಿಂದ ಒಂದೊಂದು ಕಾಮಗಾರಿಗೂ ಶಾಲೆಯ ಮಕ್ಕಳಿಗೆ ಕೊಟ್ಟ ಹಾಗೆ ಅಂಕ ಕೊಡುತ್ತಿದ್ದರು. ಎಷ್ಟು ಜನ ಬಳಸುತ್ತಾರೆ, ಎಷ್ಟು ಅಪಾಯ, ಎಷ್ಟು ಖರ್ಚು, ಇವಕ್ಕೆ ಇಷ್ಟಿಷ್ಟು. ಜೊತೆಗೆ ವಾರ್ಡಿನ ಸದಸ್ಯರ ಕೈಯಲ್ಲಿ ಒಂದಷ್ಟು. ಹೆಚ್ಚು ಅಂಕ ಪಡೆದದ್ದು ಮೊದಲು, ಉಳಿದದ್ದು ಮುಂದಿನ ವರ್ಷಕ್ಕೆ.

ಅಂಕ ಕೊಡುವವರು ಸ್ಟ್ಯಾಂಡಿಗೆ ಬಂದು ಯಾವ ಪ್ಲಾಟ್‌ಫಾರಮ್ಮಿನಲ್ಲಿ ಎಷ್ಟು ಜನ ಕಾಯುತ್ತಿದ್ದಾರೆ ಎಂದು ತಲೆ ಎಣಿಸಿದರು. ಕೊನೆಯ ಪ್ಲಾಟ್‌ಫಾರಮ್ಮಿನಲ್ಲಿ ಒಂದು ನಾಯಿ ಮಲಗಿತ್ತು. ಬಸ್ಸೇ ಇಲ್ಲದ ಮೇಲೆ ಕಾಯುವವರು ಎಲ್ಲಿಂದ ಬರಬೇಕು? ಬಳಸುವವರು ಯಾರೂ ಇಲ್ಲ ಎಂದು ಸೊನ್ನೆ ಹಾಕಿದರು. ಬಸ್ಸಿಲ್ಲದ್ದರಿಂದ ಜನವಿಲ್ಲ, ಜನವಿಲ್ಲದ್ದರಿಂದ ಗೋಡೆಯಿಲ್ಲ, ಗೋಡೆಯಿಲ್ಲದ್ದರಿಂದ ಬಸ್ಸಿಲ್ಲ. ಆ ವರ್ಷದ ಹುಂಡಿ ಪೇಟೆಯ ಬೀದಿಗೆ ನುಣುಪಾದ ಕಲ್ಲು ಹಾಸುವುದಕ್ಕೆ ಹೋಯಿತು. ಆ ಬೀದಿಯಲ್ಲಿ ವಾರ್ಡಿನ ಸದಸ್ಯರ ಚಪ್ಪಲಿ ಅಂಗಡಿ ಇತ್ತು.

ಅಕ್ಕ ತಂಗಿ ಇಬ್ಬರೂ ಆ ಅಂಗಡಿಗೇ ಹೋಗಿ ಕೇಳಿಕೊಂಡರು. ಸದಸ್ಯರು ಒಬ್ಬ ಗಿರಾಕಿಯ ಪಾದಕ್ಕೆ ಬೂಟು ತೊಡಿಸುತ್ತ ಮಂಡಿಯೂರಿ ಕೂತಿದ್ದರು. ಮಾತಿನಲ್ಲಿ ಬೆಣ್ಣೆ, ಮುಖದಲ್ಲಿ ನಗು.

“ನಾಕು ಮನೆಗೋಸ್ಕರ ಬಸ್ಸಾ ತಾಯಿ? ನಡೀರಿ, ಆರೋಗ್ಯಕ್ಕೆ ಒಳ್ಳೇದು,” ಎಂದರು. ಅಕ್ಕನ ಸವೆದ ಚಪ್ಪಲಿ ಕಣ್ಣಿಗೆ ಬಿದ್ದಿರಬೇಕು. “ಇದರಲ್ಲಿ ಏರು ಹತ್ತೋಕಾಗುತ್ತಾ? ಬನ್ನಿ, ಗಟ್ಟಿ ಅಟ್ಟೆಯ ಒಂದು ಜೊತೆ ಕೊಡ್ತೀನಿ. ನಮ್ಮ ವಾರ್ಡಿನವರು, ಕಡಿಮೆಗೇ ಹಾಕೊಳ್ತೀನಿ.”

ಅಂಗಡಿಯ ಹುಡುಗಿಯರು ಕಿಸಕ್ಕೆಂದರು. ಅಕ್ಕ ಸಂಕೋಚಕ್ಕೆ ನಕ್ಕು, ಬರಿಗೈಲಿ ಎದ್ದು ಬರಲಾಗದೆ, ಆ ಜೊತೆ ಕೊಂಡೂಬಿಟ್ಟಳು. ಕಂದು ಬಣ್ಣ, ಹಿಮ್ಮಡಿಯ ಬಳಿ ಅಂಗಡಿಯ ಮುದ್ರೆ. ತಂಗಿಗೆ ಅವತ್ತೇ ಮೈಯೆಲ್ಲ ಉರಿದಿತ್ತು. “ನಗಬೇಕಾಗಿತ್ತಾ ನೀನು?” ಎಂದಳು ದಾರಿಯಲ್ಲಿ. “ಮತ್ತೇನು ಅಳಬೇಕಿತ್ತಾ? ಚಪ್ಪಲಿ ಚೆನ್ನಾಗಿದೆ ಬಿಡು,” ಎಂದಳು ಅಕ್ಕ.

ಆ ಚಪ್ಪಲಿ ಹಾಕಿಕೊಂಡೇ ಅಕ್ಕ ಪರದೆಯ ಗಂಟು ಹೊತ್ತು ಏರು ಇಳಿಯುತ್ತ ಹತ್ತುತ್ತ ಇದ್ದಳು. ಒಂದು ಮಧ್ಯಾಹ್ನ ತಿರುಗಲು ಜಾಗವಿಲ್ಲದೆ ಹಿಮ್ಮುಖವಾಗಿ ಬರುತ್ತಿದ್ದ ನೀರಿನ ಟ್ಯಾಂಕರಿಗೆ ದಾರಿ ಬಿಡಲು ಪಕ್ಕಕ್ಕೆ ಸರಿದವಳು, ಗಂಟಿನ ಭಾರಕ್ಕೆ ಆಯ ತಪ್ಪಿ ಉರುಳಿದಳು. ಸೊಂಟದ ಮೂಳೆ ಮುರಿಯಿತು. ಬಾಡಿಗೆ ಗಾಡಿಯವರು ಆ ಏರಿನ ಹೆಸರೆತ್ತಿದರೆ ಮೂಗು ಮುರಿಯುವವರು. ನೆರೆಯವರೇ ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿದರು, ಆಪರೇಷನ್ನಾದ ಮೇಲೆ ಹೊತ್ತೇ ಹತ್ತಿಸಿದರು. ಮನೆಯೊಳಗೆ ವಾಕರ್ ಹಿಡಿದು ಅಡ್ಡಾಡುವಷ್ಟಾಯಿತು. ಏರು ಇಳಿಯುವ ಮಾತು ಮುಗಿಯಿತು. ತಂಗಿ ಮತ್ತೆ ಕುರ್ಚಿಯ ಮಾತೆತ್ತಿದರೆ, “ಇನ್ನು ನನ್ನನ್ನ ಹೊರೋದಾದ್ರೆ ಒಂದೇ ಸಲ ಹೊರಿ. ಬೇಸರ ಕಳೆಯೋಕೆಲ್ಲಾ ಜನರ ಹೆಗಲು ಬೇಡ,” ಎಂದು ಬಾಯಿ ಮುಚ್ಚಿಸಿದಳು. ಸ್ಟ್ಯಾಂಡು, ಸ್ಟೂಲು, ದಿನಾ ಹೊಸ ಆಟ, ಎಲ್ಲ ಮುಗಿದವು. ಉಳಿದದ್ದು ಕಿಟಕಿ. ಗಾಳಿ ಗುಡ್ಡದ ಕಡೆ ಬೀಸಿದರೆ ಕೆಳಗಿನಿಂದ ತಂಗಿಯ ದನಿ ತೇಲಿಬರುತ್ತಿತ್ತು.

ಬಿದ್ದಾಗ ಕಳಚಿದ ಒಂದು ಚಪ್ಪಲಿ ಮೋರಿಯ ಅಂಚಿನಲ್ಲಿ ಸಿಕ್ಕಿತು. ತಂಗಿ ಅದನ್ನು ಎತ್ತಿ ಮನೆಗೆ ತರಲಿಲ್ಲ. ಗಾಜಿನ ಗೂಡಿಗೆ ತಂದು, ಮೈಕಿನ ಪಕ್ಕದ ಹಲಗೆಯ ಮೇಲೆ, ಹಿಮ್ಮಡಿಯ ಮುದ್ರೆ ತನ್ನ ಕಡೆ ಕಾಣುವ ಹಾಗೆ ಇಟ್ಟುಕೊಂಡಳು. ಒಂದೊಂದು ಪ್ರಕಟಣೆಗೂ ಮುಂಚೆ ಅದನ್ನು ನೋಡುತ್ತಿದ್ದಳು. ಕೆಂಡದ ಮೇಲಿನ ಬೂದಿ ಊದಿದ ಹಾಗೆ.

ಆ ವಾರವೇ ಮೊದಲ ಸಲ ಹೊರಡದ ಬಸ್ಸಿನ ಪ್ರಕಟಣೆ ಸ್ಟ್ಯಾಂಡಿನಲ್ಲಿ ಮೊಳಗಿತು.

ಸ್ಟ್ಯಾಂಡಿನ ಕಂಟ್ರೋಲರು ಬೆವರು ಒರೆಸಿಕೊಳ್ಳುತ್ತ ಓಡಿಬಂದರು. ಒಳ್ಳೆಯ ಮನುಷ್ಯ, ಆದರೆ ಎಲೆ ಅಲ್ಲಾಡಿದರೂ ವರ್ಗಾವಣೆಯ ಕನಸು ಕಾಣುವವರು.

“ಏನಮ್ಮಾ ಇದು? ನನ್ನ ಅನ್ನಕ್ಕೆ ಕಲ್ಲು ಹಾಕ್ತೀಯಾ?”

“ನಿಂತ ಬಸ್ಸನ್ನೂ ಹೊತ್ತಿಗೆ ಸರಿಯಾಗಿ ಹೇಳಬೇಕು ಅಂತ ಗೋಡೆ ಮೇಲೆ ಅಂಟಿಸಿದ್ದು ನೀವೇ ತಾನೆ ಸಾರ್?”

“ಅಯ್ಯೋ, ಅದು ಟೈರು ಪಂಚರ್ ಆದರೆ, ಡ್ರೈವರ್ ರಜೆ ಹಾಕಿದರೆ...”

“ಹಾಗಂತ ಬರೆದಿಲ್ಲವಲ್ಲ. ಬಸ್ಸು ರದ್ದು ಅಂತ ಪುರಸಭೆಯಿಂದ ತನ್ನಿ, ಆ ಕ್ಷಣವೇ ನಿಲ್ಲಿಸ್ತೀನಿ.”

ಕಂಟ್ರೋಲರು ಗೋಡೆಯ ಮೇಲಿನ ಚೀಟಿಯನ್ನು ಇನ್ನೊಮ್ಮೆ ಓದಿಕೊಂಡರು. ರದ್ದು ಮಾಡಬೇಕೆಂದರೆ ಪುರಸಭೆಯ ತುಂಬಿದ ಸಭೆಯಲ್ಲಿ ಸದಸ್ಯರು ಎದ್ದು ನಿಂತು ಕೈ ಎತ್ತಬೇಕು. ತಾತ್ಕಾಲಿಕ ಎನ್ನುವುದು ಸುಲಭ, ರದ್ದು ಎನ್ನಲು ಯಾರಿಗೂ ಧೈರ್ಯವಿರಲಿಲ್ಲ.

“ಆಯ್ತಮ್ಮಾ, ಆ ಕಡೇ ಸಾಲು? ಆರೋಗ್ಯದ್ದು?”

“ಅದು ಪ್ರಯಾಣಿಕರಿಗೆ ಒಂದು ಸಲಹೆ ಸಾರ್. ಹೇಳಿದವರ ಹೆಸರು ಹೇಳದೆ ಇದ್ದರೆ ಕದ್ದ ಹಾಗಾಗುತ್ತೆ ಅಂತ ಹೇಳ್ತಿದೀನಿ.”

ಕೆಲವೇ ದಿನಗಳಲ್ಲಿ ಆ ಸಾಲು ಊರಿನ ಬಾಯಿಗೆ ಬಿತ್ತು. ಸದಸ್ಯರು ಕಾರಿನಿಂದ ಇಳಿದರೆ ತರಕಾರಿಯವಳು, “ನಡ್ಕೊಂಡು ಬರಬಾರದಿತ್ತಾ ಸ್ವಾಮಿ, ಆರೋಗ್ಯಕ್ಕೆ ಒಳ್ಳೇದಲ್ವಾ?” ಎಂದಳು. ಕ್ಷೌರದಂಗಡಿಯಲ್ಲಿ ಕೂತವರು, “ಚಪ್ಪಲಿ ಅಂಗಡಿ ಇಟ್ಟವನಲ್ವಾ, ಊರು ನಡೆದಷ್ಟೂ ಅವನ ಪೆಟ್ಟಿಗೆ ಗಟ್ಟಿ,” ಎಂದರು. ಸದಸ್ಯರ ಮೊಮ್ಮಗಳು ಕೂಡ ಸ್ಕೂಲಿನಿಂದ ಬಂದು ಬಾಯಿಗೆ ಮುಷ್ಟಿ ಹಿಡಿದು, “ಪ್ರಯಾಣಿಕರ ಗಮನಕ್ಕೆ,” ಎಂದು ಶುರುಮಾಡಿದಳಂತೆ. ಈ ಸುದ್ದಿಯನ್ನು ಚಹಾದಂಗಡಿಯವನು ತಂದು ಹೇಳಿದ ದಿನ ಮೈಕಮ್ಮನಿಗೆ ಊಟ ರುಚಿಸಿತು. ಅಕ್ಕ ಬಿದ್ದ ಮೇಲೆ ಅವಳು ಹೊಟ್ಟೆ ತುಂಬ ಉಂಡದ್ದು ಅದೇ ಮೊದಲು.

ಅಷ್ಟರಲ್ಲಿ ಅವಳು ಎಣಿಸದ ಒಂದು ಸಂಗತಿ ನಡೆಯಿತು. ಮೇಲಿನ ಬಡಾವಣೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ನರ್ಸೊಬ್ಬಳು ಪ್ರಕಟಣೆ ಪೂರ್ತಿ ಕೇಳಿಯೂ ಕೊನೆಯ ಪ್ಲಾಟ್‌ಫಾರಮ್ಮಿನಲ್ಲಿ ಬಂದು ಕೂತಳು. ‘ಇಂದು ಹೊರಡುವುದಿಲ್ಲ’ ಎಂದರೆ ನಾಳೆ ಹೊರಡುತ್ತದೆ ಎಂದು ಅವಳ ಲೆಕ್ಕ. ಮರುದಿನವೂ ಬಂದಳು. ಮೂರನೇ ದಿನ ಮೈಕಮ್ಮ ಗೂಡಿನಿಂದ ಹೊರಬಂದು, “ಆ ಬಸ್ಸು ಬರಲ್ಲಮ್ಮಾ, ಅದು ಬೇರೆ ಕಥೆ,” ಎಂದಳು.

“ಗೊತ್ತಾಯ್ತು ಮೇಡಂ. ಆದ್ರೂ ಹತ್ತೋಕೆ ಮುಂಚೆ ಹೀಗೆ ಕೂತ್ರೆ ಕಾಲಿಗೆ ಹಾಯೆನಿಸುತ್ತೆ. ನೀವು ಹೇಳಿ ಮುಗಿಸಿದ ಮೇಲೆ ಹೊರಡ್ತೀನಿ.”

ಮೊದಲೆಲ್ಲ ಗುಡ್ಡದ ಜನ ಪೇಟೆಯಿಂದ ಒಬ್ಬೊಬ್ಬರೇ ತಲೆ ತಗ್ಗಿಸಿಕೊಂಡು ಏರು ಹತ್ತುತ್ತಿದ್ದರು. ಈಗ ನರ್ಸನ್ನು ನೋಡಿ ಒಬ್ಬ ಗಾರೆ ಕೆಲಸದವನು ಕೂತ. ಅವನನ್ನು ನೋಡಿ ಅತ್ತೆ ಸೊಸೆ ಕೂತರು. ಪ್ರಕಟಣೆ ಮುಗಿಯುವವರೆಗೆ ದಣಿವಾರಿಸಿಕೊಂಡು, ಮುಗಿದ ಕೂಡಲೆ ಒಟ್ಟಿಗೆ ಏಳುವುದು. ಗಾರೆಯವನು ಕಂಡಕ್ಟರನ ಹಾಗೆ ಸೀಟಿ ಊದಿ, “ರೈಟ್, ರೈಟ್! ಮುಂದೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ!” ಎನ್ನುವನು. ಚೀಲ ಭಾರವಿದ್ದವರದನ್ನು ಕೈ ಖಾಲಿ ಇದ್ದವರು ಹಿಡಿಯುವರು. ಅತ್ತೆ, “ಕಿಟಕಿ ಪಕ್ಕ ನಾನು!” ಎಂದು ರಸ್ತೆಯ ಅಂಚಿಗೆ ಹೋಗುವಳು. “ಅತ್ತೇ, ಟಿಕೆಟ್ ತಗೊಂಡ್ರಾ?” ಎಂದು ಸೊಸೆ ಕೆಣಕುವಳು. ಹೊರಡದ ಬಸ್ಸು ಹೀಗೆ ದಿನಾ ಹೊತ್ತಿಗೆ ಸರಿಯಾಗಿ ಹೊರಡತೊಡಗಿತು.

ಮುಂದಿನ ವರ್ಷದ ತಲೆ ಎಣಿಕೆಗೆ ಪುರಸಭೆಯ ಕಿರಿಯ ಇಂಜಿನಿಯರ್ ಬಂದಾಗ ಕೊನೆಯ ಪ್ಲಾಟ್‌ಫಾರಮ್ಮಿನಲ್ಲಿ ಕೂರಲು ಜಾಗವಿರಲಿಲ್ಲ.

“ಯಾವ ಬಸ್ಸಿಗೆ ಕಾಯ್ತಿದೀರಿ?”

“ಮೇಲಿನ ಬಡಾವಣೆ ಬಸ್ಸಿಗೆ,” ಎಂದ ಗಾರೆಯವನು.

“ಅದು ಇಲ್ವಲ್ಲ?”

“ಅದಕ್ಕೇ ಕಾಯ್ತಿರೋದು ಸಾರ್. ಇದ್ದಿದ್ರೆ ಹತ್ತಿ ಹೋಗ್ತಿದ್ವಿ.”

ಇಂಜಿನಿಯರ್ ತಲೆ ಕೆರೆದುಕೊಂಡ. ಕಾಯುವವರನ್ನು ಎಣಿಸು ಎಂದಿದ್ದರೇ ಹೊರತು ಬಾರದ ಬಸ್ಸಿಗೆ ಕಾಯುವವರನ್ನು ಬಿಡು ಎಂದಿರಲಿಲ್ಲ. ಎಣಿಸಿಕೊಂಡು ಹೋದ.

ಈ ಸಲ ಬಳಸುವವರು ಬಹಳ, ಗೋಡೆ ಕುಸಿದ ಅಪಾಯ ಬೇರೆ. ಪೇಟೆ ಬೀದಿಯ ಎರಡನೇ ಹಂತದ ಕಲ್ಲು ಹಾಸು ಒಂದು ಕಡೆ, ಗುಡ್ಡದ ಗೋಡೆ ಇನ್ನೊಂದು ಕಡೆ, ತಕ್ಕಡಿ ಸಮಕ್ಕೆ ಬಂತು. ಸದಸ್ಯರ ಕೈಯಲ್ಲಿರುವ ಅಂಕ ಎತ್ತ ಬಿದ್ದರೆ ಅತ್ತ.

ಸಭೆಗೆ ಮುಂಚೆ ಒಂದು ಸಂಜೆ ಸದಸ್ಯರು ಗಾಜಿನ ಗೂಡಿಗೆ ಬಂದರು. ಕೈಯಲ್ಲಿ ಹೊಸ ಮೈಕಿನ ಪೆಟ್ಟಿಗೆ.

“ಹಳೇದು ಗೊರಗೊರ ಅಂತಿದೆ ತಾಯಿ. ನಿನ್ನ ದನಿಗೆ ಇದು ಒಪ್ಪುತ್ತೆ.”

“ಗೊರಗೊರ ಅಂದ್ರೂ ಊರಿಗೆಲ್ಲ ಕೇಳ್ತಿದೆಯಲ್ಲ ಸಾರ್.”

ಅವರ ನಗು ಅರ್ಧಕ್ಕೆ ನಿಂತಿತು. “ನೇರವಾಗೇ ಹೇಳ್ತೀನಿ. ಆ ಒಂದು ಸಾಲು ಬಿಟ್ಟುಬಿಡು. ನನ್ನ ಕೈಯಲ್ಲಿರೋ ಅಂಕ ಪೂರ್ತಿ ನಿಮ್ಮ ಗೋಡೆಗೆ. ಮನೇಲಿ ಮೊಮ್ಮಗಳ ಮುಂದೆ ಮುಖ ಎತ್ತೋಕಾಗ್ತಿಲ್ಲ.”

ಮೈಕಮ್ಮನ ಎದೆಯಲ್ಲಿ ಏನೋ ಸಿಹಿಯಾಗಿ ಕರಗಿತು. ಮಂಡಿಯೂರಿ ಬೂಟು ತೊಡಿಸುವವನು ಈಗ ತನ್ನ ಎದುರು ನಿಂತು ಬೇಡುತ್ತಿದ್ದಾನೆ. ಆ ಸಿಹಿ ಇಷ್ಟಕ್ಕೇ ಮುಗಿಯಬಾರದು ಎನ್ನಿಸಿತು. “ಬಸ್ ಹೊತ್ತಾಯ್ತು ಸಾರ್,” ಎಂದು ಮೈಕಿಗೆ ಉಗುರು ತಟ್ಟಿ, ಅವರ ಎದುರಿಗೇ, ಒಂದಕ್ಷರ ಬಿಡದೆ, ಆ ಸಾಲು ಹೇಳಿದಳು. ಸದಸ್ಯರು ಮುಖ ಕೆಂಪಗೆ ಮಾಡಿಕೊಂಡು ಪೆಟ್ಟಿಗೆ ಎತ್ತಿಕೊಂಡು ಹೋದರು.

ಅವಳು ಹಕ್ಕಿಯ ಹಾಗೆ ಏರು ಹತ್ತಿ ಮನೆಗೆ ಬಂದಳು. ಗೂಡಿನ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದ ಗಾರೆಯವನು ಮೊದಲೇ ಬಂದು ಎಲ್ಲ ಒಪ್ಪಿಸಿಯಾಗಿತ್ತು. ಅಕ್ಕ ಕಿಟಕಿಯ ಬಳಿ ಪರದೆಯ ಅಂಚು ಮಡಚುತ್ತ ಕೂತಿದ್ದಳು.

“ಅಂಕ ಕೊಡ್ತೀನಿ ಅಂದನಂತೆ?”

“ಅಂದ. ಕಾಲಿಗೆ ಬೀಳೋದೊಂದು ಬಾಕಿ!”

“ನೀನು ಬೇಡ ಅಂದೆ.”

“ಮತ್ತೆ? ಅಷ್ಟು ಸುಲಭಕ್ಕೆ ಬಿಡ್ತೀನಾ ಅವನನ್ನ?”

ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದಳು. “ನಿನಗೆ ಬಸ್ಸು ಬೇಕಾ, ಅವನು ಬೇಕಾ?”

ಹೊಲಿಗೆ ಯಂತ್ರದ ಸದ್ದನ್ನು ದಾಟಿ ಕೇಳಿಸುತ್ತಿದ್ದವಳಿಗೆ ಆ ನಿಶ್ಶಬ್ದದಲ್ಲಿ ದನಿ ಹೊರಡಲಿಲ್ಲ.

“ನನ್ನ ಸೊಂಟ ಮುರಿದದ್ದು ನಿನಗೆ ಒಳ್ಳೆ ಕೆಲಸ ಕೊಡ್ತು ನೋಡು,” ಎಂದಳು ಅಕ್ಕ. ಕೋಪವಿರಲಿಲ್ಲ ಆ ಮಾತಿನಲ್ಲಿ. ಅದೇ ಹೆಚ್ಚು ಚುಚ್ಚಿತು. “ದಿನಾ ಗಾಳಿಯಲ್ಲಿ ಕೇಳ್ತೀನಲ್ಲ. ಬೇರೆ ಬಸ್ಸಿಗೆಲ್ಲ ನಿನ್ನ ದನಿ ಓದುತ್ತೆ. ಆ ಬಸ್ಸಿಗೆ ಮಾತ್ರ ಹಾಡುತ್ತೆ.”

“ನೀನು ಅವನ ಪರವಾ?”

“ನಾನು ಸ್ಟೂಲಿನ ಪರ ಕಣೇ. ಆ ಗೂಡಿನ ಮೂಲೇಲಿರೋ ಸ್ಟೂಲಿನ ಪರ. ಜನ ನೋಡಬೇಕು ನನಗೆ.”

ತಂಗಿ ಸದಸ್ಯರ ಬಳಿ ಹೋಗಲಿಲ್ಲ, ಸಾಲನ್ನೂ ಬಿಡಲಿಲ್ಲ. ಆದರೆ ಮರುದಿನದಿಂದ ಅದನ್ನು ಹೇಳುವಾಗ ಕಣ್ಣು ಗುಡ್ಡದ ಕಡೆ ಹೋಗುತ್ತಿತ್ತು. ಮೇಲೆ ಕಿಟಕಿಯಲ್ಲಿ ಕೂತ ಕಿವಿಯೊಂದರ ನೆನಪು. ಚಪ್ಪಲಿಯನ್ನು ನೋಡಿದರೂ ಕೆಂಡ ಮೊದಲಿನ ಹಾಗೆ ಹೊತ್ತುತ್ತಿರಲಿಲ್ಲ. ಊದಬೇಕಾಗುತ್ತಿತ್ತು. ಊದುತ್ತಿದ್ದಳು.

ಸಭೆಯ ದಿನ ಗುಡ್ಡದ ಜನ ಪ್ಲಾಟ್‌ಫಾರಮ್ಮಿನಿಂದ ಸಾಲಾಗಿ, ಗಾರೆಯವನ ಸೀಟಿಯ ತಾಳಕ್ಕೆ ನಡೆದು ಹೋಗಿ ಪುರಸಭೆಯ ಹಿಂದಿನ ಬೆಂಚುಗಳನ್ನೆಲ್ಲ ತುಂಬಿದರು. ಮೈಕಮ್ಮನೂ ಅರ್ಧ ದಿನದ ರಜೆ ಹಾಕಿ ಹೋಗಿದ್ದಳು. ಸದಸ್ಯರು ಎದ್ದರು. ಪೇಟೆಯ ಬೀದಿಯ ಚೆಂದದ ಬಗ್ಗೆ ಎರಡು ಮಾತಾಡಿದರು. ಬೆಂಚುಗಳ ಕಡೆ ಒಮ್ಮೆ ನೋಡಿದರು. ಅಷ್ಟೊಂದು ಮತ ಒಂದೇ ಕಡೆ ಕೂತದ್ದನ್ನು ಅವರು ಹಿಂದೆಂದೂ ಕಂಡಿರಲಿಲ್ಲ. ಗಂಟಲು ಸರಿಮಾಡಿಕೊಂಡು, “ಆದರೆ ಗುಡ್ಡದ ಜನರ ಕಷ್ಟ ನನ್ನ ಮನೆಯ ಕಷ್ಟ. ಆ ಗೋಡೆ ಮೊದಲಿನಿಂದಲೂ ನನ್ನ ಕನಸು,” ಎಂದರು. ಇದ್ದಬದ್ದ ಅಂಕವನ್ನೆಲ್ಲ ಗೋಡೆಗೆ ಹಾಕಿದರು.

ಚಪ್ಪಾಳೆ ಬಿತ್ತು. ನರ್ಸು ಅತ್ತೆಯನ್ನು ತಬ್ಬಿಕೊಂಡಳು. ಮೈಕಮ್ಮ ಕೈ ಮುಷ್ಟಿ ಕಟ್ಟಿಕೊಂಡು ಕೂತೇ ಇದ್ದಳು. ಗೆದ್ದದ್ದು ತಾನು, ಗೆಲುವು ಅವನ ಅಂಗಡಿಯ ಗಾಜಿನ ಕಪಾಟಿಗೆ ಹೋಗಿತ್ತು. ಅವನು ಸೋಲಲಿಲ್ಲ. ಬರಿದೆ ಪಕ್ಕಕ್ಕೆ ಸರಿದು ನಿಂತ, ಟ್ಯಾಂಕರಿಗೆ ದಾರಿ ಬಿಟ್ಟ ಹಾಗೆ; ಅಕ್ಕನಂತೆ ಬೀಳಲೂ ಇಲ್ಲ.

ಗೋಡೆ ಏಳುವಷ್ಟು ಕಾಲವೂ ಪ್ರಕಟಣೆ ನಡೆಯಿತು. ಕಲ್ಲು ಬಂತು, ಸಿಮೆಂಟು ಬಂತು, ಗಾರೆಯವನಿಗೆ ಅಲ್ಲೇ ಕೆಲಸವೂ ಸಿಕ್ಕಿತು. ಒಂದೊಂದು ಕಲ್ಲಿನ ವರಸೆ ಏರಿದ ಹಾಗೆಲ್ಲ ಅವಳಿಗೆ ಒಳಗೊಳಗೇ ಒಂದು ಕಳವಳ. ಬಸ್ಸು ಬಂದ ದಿನ ಆ ಸಾಲು ಸಾಯುತ್ತದೆ. ಆಮೇಲೆ ಬೆಳಗ್ಗೆ ಏಳುವುದು ಯಾತಕ್ಕೆ? ಹೀಗೆ ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಆದರೂ ಅನ್ನಿಸುತ್ತಿತ್ತು.

ಬಸ್ಸು ಬರುವ ದಿನ ಹೊರಡುವಾಗ ಅಕ್ಕ ಒಳ್ಳೆಯ ಸೀರೆ ಉಟ್ಟು ಬಾಗಿಲ ಬಳಿ ಕೂತಾಗಿತ್ತು.

“ಮೊದಲ ಬಸ್ಸಲ್ಲಿ ನೀನೇ ಬಂದು ಕರಕೊಂಡು ಹೋಗಬೇಕು. ಬೇರೆಯವರ ಕೈ ಹಿಡಿಯಲ್ಲ ನಾನು.”

“ಬರ್ತೀನಕ್ಕ.”

“ಆ ಚಪ್ಪಲಿ ತಾ. ಇನ್ನೊಂದು ಇಲ್ಲೇ ಇದೆ. ಒಂಟಿ ಕಾಲಲ್ಲಿ ಬಸ್ ಹತ್ತಲಾ?”

ತಂಗಿ ತಬ್ಬಿಬ್ಬಾದಳು. “ಯಾವ ಚಪ್ಪಲಿ?”

“ನಿನ್ನ ಮೈಕಿನ ಪಕ್ಕ ಇಟ್ಟಿದೀಯಲ್ಲ, ಅದೇ. ಗುಡ್ಡಕ್ಕೆಲ್ಲ ಗೊತ್ತು, ನನಗೆ ಗೊತ್ತಿಲ್ವಾ? ಗಟ್ಟಿ ಚಪ್ಪಲಿ ಅದು. ಸುಮ್ಮನೆ ಧೂಳು ತಿನ್ನಿಸ್ತಿದೀಯ.”

ಕೊನೆಯ ಪ್ಲಾಟ್‌ಫಾರಮ್ಮಿನಲ್ಲಿ ತೊಳೆದ ಬಸ್ಸು ನಿಂತಿತ್ತು. ಎಲ್ಲರೂ ಆಗಲೇ ಹತ್ತಿ ಕೂತಿದ್ದರು. ಅತ್ತೆಗೆ ನಿಜವಾದ ಕಿಟಕಿ ಸಿಕ್ಕಿತ್ತು. ಎಂಜಿನ್ ಗುರುಗುಡುತ್ತಿತ್ತು. ಮೈಕಮ್ಮ ಉಳಿದ ಪ್ರಕಟಣೆಗಳನ್ನು ಬದಲಿ ಹುಡುಗಿಗೆ ಒಪ್ಪಿಸಿ, ಈ ಒಂದನ್ನು ತಾನೇ ಹೇಳಲು ಗೂಡಿನಲ್ಲಿ ಉಳಿದಿದ್ದಳು. ಹುಡುಗಿ ಚಹಾಕ್ಕೆಂದು ಹೊರಗೆ ಹೋದಳು. ಬಾಗಿಲಲ್ಲಿ ಸದಸ್ಯರು.

ಇಸ್ತ್ರಿ ಮಾಡಿದ ಬಿಳಿ ಅಂಗಿ, ಪೌಡರ್ ಬಳಿದ ಕುತ್ತಿಗೆ. “ಏನಮ್ಮಾ, ಎಲ್ಲಾ ಸುಖಾಂತ್ಯ ಆಯ್ತಲ್ಲ! ಒಂದು ಸಣ್ಣ ಸಾಲು. ‘ಮಾನ್ಯ ಸದಸ್ಯರ ಪ್ರಯತ್ನದಿಂದ’ ಅಂತ. ಇಷ್ಟು ದಿನ ನನ್ನನ್ನ ಊರೆಲ್ಲ ಎಳೆದಾಡಿದೆ, ಒಂದು ಸಲ ಎತ್ತಿ ನಿಲ್ಲಿಸಿದ್ರೆ ಲೆಕ್ಕ ಸರಿಹೋಗುತ್ತೆ.”

ಅವಳು ಮೈಕಿನ ಗುಂಡಿ ಹಾಕಿದಳು. ಉಗುರಿನಿಂದ ತಟ್ಟಿದಳು. ಟಕ್, ಟಕ್.

“ಪ್ರಯಾಣಿಕರ ಗಮನಕ್ಕೆ. ಮೇಲಿನ ಬಡಾವಣೆಯ ಬಸ್ಸು ಈಗ ಹೊರಡಲಿದೆ.”

ಇಷ್ಟೇ. ಬಸ್ಸಿನೊಳಗಿಂದ ಕೂಗು ಎದ್ದಿತು, ಸೀಟಿ ಕೇಳಿತು. ಬೇರೆ ಬಸ್ಸುಗಳನ್ನು ಓದುವ ದನಿಯಲ್ಲೇ ಓದಿದ್ದಳು.

“ನನ್ನ ಹೆಸರು...” ಎಂದರು ಸದಸ್ಯರು.

“ಹೊರಡೋ ಬಸ್ಸಿಗೆ ಹೆಸರು ಬೇಕಾಗಲ್ಲ ಸಾರ್.”

ಅವಳು ಹಲಗೆಯ ಮೇಲಿನ ಚಪ್ಪಲಿಗೆ ಕೈ ಚಾಚಿದಳು. ಸದಸ್ಯರು ಥಟ್ಟನೆ ಒಂದು ಹೆಜ್ಜೆ ಹಿಂದೆ ಸರಿದರು, ಕೈ ತಾನಾಗಿ ಮುಖದ ಕಡೆ ಹೋಯಿತು. ಹೊಡೆಯುತ್ತಾಳೆ ಎಂದುಕೊಂಡರು. ಅವಳು ಅದನ್ನು ಕಾಗದದಲ್ಲಿ ಸುತ್ತತೊಡಗಿದಾಗ ಹಿಮ್ಮಡಿಯ ಮುದ್ರೆ ಅವರ ಕಣ್ಣಿಗೆ ಬಿತ್ತು. ತಮ್ಮದೇ ಮುದ್ರೆ. ಮುಖದ ಬಣ್ಣ ಇಳಿಯಿತು.

“ಇದು ಅವತ್ತು ನಿಮ್ಮ ಅಕ್ಕ...”

“ಹೌದು.”

“ಬಿದ್ದಾಗ ಇದನ್ನೇ...?”

“ಹೌದು.”

ಅವರು ಸ್ಟೂಲಿನ ಅಂಚು ಹಿಡಿದುಕೊಂಡರು. ನಗು ಹೋಗಿತ್ತು, ಬೆಣ್ಣೆ ಹೋಗಿತ್ತು. ಅಂಗಡಿಯಲ್ಲಿ ವಯಸ್ಸಾದ ಒಬ್ಬ ಗಂಡಸು ಕೂತಿರುತ್ತಾನಲ್ಲ, ಪಾದಗಳನ್ನು ನೋಡಿ ನೋಡಿ ಬೆನ್ನು ಬಾಗಿದವನು, ಅವನು ಮಾತ್ರ ಉಳಿದಿದ್ದ.

“ಬಿದ್ದರು ಅಂತ ಗೊತ್ತಿತ್ತು. ಇದು ಗೊತ್ತಿರಲಿಲ್ಲಮ್ಮಾ. ಆಣೆಗೂ. ನಾನು... ಒಂದು ಮಾತು ಹೇಳಬೇಕು ನಿನಗೆ. ಬೇಕಾದ್ರೆ ಮೈಕಲ್ಲೇ ಹೇಳ್ತೀನಿ, ಊರೆಲ್ಲ ಕೇಳಲಿ.”

ಬಾಯಿ ಹತ್ತಿರ ತಂದರೆ ಮಾತ್ರ ಹಿಡಿಯುವ ಆ ಹಳೇ ಮೈಕಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಅವಳು ಅದನ್ನೇ ಒಂದು ಗಳಿಗೆ ನೋಡಿದಳು. ಈ ಮಾತಿಗಾಗಿ ಎಷ್ಟು ಸಲ ಕನಸು ಕಂಡಿದ್ದಳು. ಇವನು ಊರೆದುರು ನಾಲಿಗೆ ತಡವರಿಸಬೇಕು, ಊರು ಕೇಳಬೇಕು. ಈಗ ಹೊಳೆಯಿತು, ಹೇಳಿದರೆ ಇವನು ಹಗುರಾಗುತ್ತಾನೆ. ಊರು ‘ದೊಡ್ಡ ಮನಸ್ಸು’ ಎನ್ನುತ್ತದೆ. ಮೊಮ್ಮಗಳು ತಬ್ಬಿಕೊಳ್ಳುತ್ತಾಳೆ. ಹೇಳದೆ ಉಳಿದರೆ ಆ ಮಾತು ಇವನ ಗಂಟಲಲ್ಲೇ ಇರುತ್ತದೆ. ಪ್ರತಿಯೊಂದು ಪಾದಕ್ಕೂ ಬಗ್ಗಿದಾಗ ಚುಚ್ಚುತ್ತದೆ.

ಅವಳು ಗುಂಡಿ ಒತ್ತಿದಳು. ಕೆಂಪು ದೀಪ ಆರಿತು.

“ಆಯ್ತು, ಮೈಕು ಬೇಡ. ನಿನಗೊಬ್ಬಳಿಗೇ ಹೇಳ್ತೀನಿ,” ಎಂದರು ಅವರು ಅವಸರವಾಗಿ. “ನೋಡಮ್ಮಾ, ಆವತ್ತು ನಾನು ತಮಾಷೆಗೆ ಅಂದದ್ದು. ಆದರೆ ಆಮೇಲೆ ನನಗೆ...”

ಹೊರಗೆ ಬಸ್ಸು ಹಾರ್ನ್ ಮಾಡಿತು. ಮೈಕಮ್ಮ ಕಾಗದದ ಪೊಟ್ಟಣವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಸ್ಟೂಲಿನ ಮೇಲಿನ ಧೂಳನ್ನು ಸೆರಗಿನಿಂದ ಒಮ್ಮೆ ಒರೆಸಿದಳು.

“ನನಗೆ ಏನು ಅನ್ನಿಸಿತು ಅಂದ್ರೆ, ತಾಯಿ, ಒಂದು ನಿಮಿಷ, ನಾನು ನಿಮ್ಮಕ್ಕನ ಹತ್ರ...”

ಅವಳು ಬಾಗಿಲು ದಾಟಿ, ಬಸ್ಸಿನ ಕಡೆ ನಡೆದುಬಿಟ್ಟಳು.